ಮಳೆ ಅಳೆಯುತ್ತಲೇ ದಶಮಾಂಶ ಬಂತು

ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದರ ಬಗ್ಗೆ ಬರೆಯುತ್ತಾ, "ಇಷ್ಟ ಬಂದದ್ದನ್ನೇ ಕಲಿಯಲು ಬಿಟ್ಟರೆ ಮಕ್ಕಳು ಗಣಿತದ ಹತ್ತಿರವೂ ಸುಳಿಯುವುದಿಲ್ಲ" ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮಗಳು ಎರಡು ವರ್ಷದಿಂದ ಮನೆಯಲ್ಲೇ ಕಲಿಯುತ್ತಿದ್ದಾಳೆ. ಅವಳಿಗೆ ಮಳೆ ಅಂದರೆ ಹುಚ್ಚು. ಬೆಳಗ್ಗೆ ಎದ್ದವಳೇ ಅಂಗಳದ ರೈನ್‌ಗೇಜ್ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾಳೆ. ನಮ್ಮ ತೋಟಗಳಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ ಅಲ್ವಾ? ನೂರು ಸೆಂಟಿಗೆ ಒಂದು ಇಂಚು. ಪೇಪರಿನಲ್ಲಿ ಬರುವುದು ಮಿಲಿಮೀಟರ್, ಒಂದು ಇಂಚಿಗೆ 25.4 ಮಿ.ಮೀ. ಒಂದು ದಿನ 85 ಸೆಂಟು ಬಿತ್ತು. ಅವಳೇ 0.85ನ್ನು 25.4ರಿಂದ ಗುಣಿಸಿ 21.59 ಮಿ.ಮೀ. ಎಂದು ಬರೆದಳು. ದಶಮಾಂಶವನ್ನು ನಾನು ಕೂರಿಸಿಕೊಂಡು ಹೇಳಿಕೊಟ್ಟದ್ದೇ ಇಲ್ಲ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದ ಎಷ್ಟನೇ ದಿನಕ್ಕೆ ರೋಬಸ್ಟಾ ಕಾಫಿ ಅರಳಿತು ಎಂದು ದಿನಾ ಮೊಗ್ಗಿನ ಚಿತ್ರ ಬರೆದು ಇಟ್ಟಿದ್ದಾಳೆ.

ಓರಗೆಯವರ ಒಡನಾಟ ಕಮ್ಮಿ ಆಗುತ್ತದೆ ಎಂದು ನೀವು ಹೇಳಿದ್ದು ಮಾತ್ರ ನಿಜ. ನಮಗೂ ಆ ಚಿಂತೆ ಇದೆ. ಸಂಜೆ ತೋಟದ ಕೆಲಸಗಾರರ ಲೈನ್ ಮನೆ ಮಕ್ಕಳ ಜೊತೆ ಆಡಲು ಕಳಿಸುತ್ತೇವೆ, ಆದರೂ ಸಾಲದು.

ಶಾಲೆಗೆ ಹೋಗದಿದ್ದರೆ ಸರ್ಟಿಫಿಕೇಟ್ ಸಿಗದು ಎಂದು ಸುಮ್ನೆ ಹೆದರಿಸಬೇಡಿ. 14 ತುಂಬಿದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ನಾವೂ ಅದನ್ನೇ ಕಟ್ಟಿಸುತ್ತೇವೆ.