‘ಅನ್ನು’ ಬಿಡದ ಕರ್ಮಣಿ

ಕನ್ನಡದ ಕರ್ಮಣಿ ಪ್ರಯೋಗದ (ಇಂಗ್ಲಿಷಿನ ಪ್ಯಾಸಿವ್ ವಾಯ್ಸ್‌ನಂಥ ವಾಕ್ಯರಚನೆಯ) ಬಗ್ಗೆ ಬಂದ ಲೇಖನವೊಂದಕ್ಕೆ ಇದು ನನ್ನ ಪ್ರತಿಕ್ರಿಯೆ. ಕರ್ಮಣಿಯಲ್ಲಿ ಕರ್ಮಪದ (ಕ್ರಿಯೆಗೆ ಒಳಗಾಗುವುದು) ಯಾವಾಗಲೂ ಪ್ರಥಮಾ ವಿಭಕ್ತಿಗೆ (‘ರಾವಣನು’ ಎಂಬಂಥ ರೂಪಕ್ಕೆ) ಬರುತ್ತದೆ, ಕರ್ತೃವಿಗೆ (ಕ್ರಿಯೆ ಮಾಡುವವರಿಗೆ) ‘ಇಂದ’ ಸೇರುತ್ತದೆ ಎಂದು ಅದರ ಲೇಖಕರು ಬರೆದಿದ್ದಾರೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಪಠ್ಯಪುಸ್ತಕದ ವಾಕ್ಯಕ್ಕೆ ಇದು ಸರಿ. ಆದರೆ ಹಾಗೆ ಯಾರು ಮಾತಾಡುತ್ತಾರೆ ಹೇಳಿ?

ಪತ್ರಿಕೆ ತೆರೆದರೆ ಸಿಗುವುದು ‘ಆರೋಪಿಗಳನ್ನು ಬಂಧಿಸಲಾಗಿದೆ’. ಇಲ್ಲಿ ಕರ್ಮಪದದ ‘ಅನ್ನು’ ಪ್ರತ್ಯಯ ಹಾಗೇ ಉಳಿದಿದೆ, ಪ್ರಥಮಾ ವಿಭಕ್ತಿ ಬಂದಿಲ್ಲ. ಆರೋಪಿ ಒಬ್ಬನಿರಲಿ, ಹತ್ತು ಜನ ಇರಲಿ, ಕ್ರಿಯಾಪದ ‘ಲಾಗಿದೆ’ ಅಂತಲೇ ಇರುತ್ತದೆ. ‘ಬಂಧಿಸಲ್ಪಟ್ಟನು’, ‘ಬಂಧಿಸಲ್ಪಟ್ಟರು’ ಅನ್ನುವಾಗ ಮಾತ್ರ ಬದಲಾಗುತ್ತದೆ. ಎರಡನ್ನೂ ಒಂದೇ ನಿಯಮಕ್ಕೆ ಕಟ್ಟಿದರೆ ಮಕ್ಕಳು ಗೊಂದಲ ಮಾಡಿಕೊಳ್ಳದೆ ಇನ್ನೇನು ಮಾಡ್ತಾರೆ?

‘ಇಂದ’ದ ಕಥೆ ಇನ್ನೂ ಮಜಾ. ‘ನನ್ನಿಂದ ಬರಲಾಗಲಿಲ್ಲ’ ಅಂದರೆ ಬರೋಕೆ ಆಗಲಿಲ್ಲ ಅಂತ ಅರ್ಥ. ಅದು ಕರ್ಮಣಿಯೇ ಅಲ್ಲ. ‘ಬರು’ ಅಕರ್ಮಕ, ಅಲ್ಲಿ ಕರ್ಮವೇ ಇಲ್ಲವಲ್ಲ! ರೂಪ ನೋಡಿ ಪ್ರಯೋಗ ಗುರುತಿಸಿ ಎಂಬ ಲೇಖನದ ಸಲಹೆ ಇಲ್ಲಿ ಕೈಕೊಡುತ್ತದೆ.

ಒಂದು ಮಾತು ಮಾತ್ರ ಪೂರ್ತಿ ಒಪ್ಪುತ್ತೇನೆ: ಕಚೇರಿ ಪತ್ರಗಳಲ್ಲಿ ಕರ್ಮಣಿ ಜಾಸ್ತಿಯಾಗಿದೆ. ‘ಕ್ರಮ ಕೈಗೊಳ್ಳಲಾಗುವುದು’ ಅಂತಾರೆ, ಯಾರು ಕೈಗೊಳ್ಳುತ್ತಾರೆ ಅನ್ನೋದು ಇರುವುದೇ ಇಲ್ಲ. ಅದಕ್ಕೇ ಇರಬೇಕು, ಕಚೇರಿಯವರಿಗೆ ಅದು ಅಷ್ಟು ಇಷ್ಟ. ಲೇಖಕರು ಮುಂದಿನ ಕಂತಿನಲ್ಲಿ ‘ಲಾಗಿದೆ’ಯನ್ನು ಬೇರೆಯಾಗಿಯೇ ವಿವರಿಸಲಿ.