ಎಂಟನೇ ಸುತ್ತಿನ ಕೋಟೆ

ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ ಅಂತ ಓದಿಕೊಂಡು ಬಂದವರಿಗೆ ಒಂದು ತಿದ್ದುಪಡಿ. ಈಗ ಎಂಟು. ಎಂಟನೆಯದು ಊರೊಳಗೇ ಇದೆ, ಮದಕರಿ ನಾಯಕರ ಪ್ರತಿಮೆಯ ಸುತ್ತ. ಕಟ್ಟಿರುವುದು ಫ್ಲೆಕ್ಸಿನಲ್ಲಿ.

ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ, ಕೊನೆಗೆ 1779ರಲ್ಲಿ ದುರ್ಗ ಹಿಡಿದ. ಪಾಪ, ಅವನಿಗೆ ಫ್ಲೆಕ್ಸ್ ಗೊತ್ತಿರಲಿಲ್ಲ. ನಮ್ಮ ಹುಡುಗರು ನೋಡಿ, ರಾತ್ರಿ ಗೂಡ್ಸ್ ಆಟೊದಲ್ಲಿ ಸರ್ವೆ ಕಂಬ ತಂದು, ಪ್ರತಿಮೆಯ ಕಂಬಿಗೇ ಹಗ್ಗ ಬಿಗಿದು, ಬೆಳಗಾಗುವಷ್ಟರಲ್ಲಿ ನಾಯಕರನ್ನು ಕತ್ತಿನವರೆಗೆ ಮುಚ್ಚಿಬಿಡುತ್ತಾರೆ. 'ಯುವಕರ ಕಣ್ಮಣಿ, ಬಡವರ ಬಂಧು' ಒಬ್ಬರ ಹುಟ್ಟುಹಬ್ಬ. ಕಪ್ಪು ಕನ್ನಡಕ, ಕಿವಿಗೆ ಫೋನು. ಕೆಳಗೆ ಶುಭ ಕೋರುವವರ ಫೋಟೊ, ಮೊಟ್ಟೆ ಆಕಾರದ ಚೌಕಟ್ಟಿನಲ್ಲಿ, ಸಾಲು ಸಾಲು. ಕೋಟೆ ನೋಡಲು ಬಂದ ಶಾಲೆ ಹುಡುಗನೊಬ್ಬ ಮೇಷ್ಟ್ರನ್ನು ಕೇಳಿದ, "ಸಾರ್, ಮದಕರಿ ನಾಯಕರು ಕೂಲಿಂಗ್ ಗ್ಲಾಸ್ ಹಾಕ್ತಿದ್ರಾ?" ಮೇಷ್ಟ್ರು, ಬಸ್ ಹತ್ತು ಮೊದಲು ಅಂದರು.

ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. ಆದೇಶ ಇನ್ನೂ ದಾರಿಯಲ್ಲಿರಬೇಕು, ಹಿರಿಯೂರು ದಾಟಿಲ್ಲ.

ಜಯಂತಿ ದಿನ ಮಾತ್ರ ಎಲ್ಲ ತೆರವು. ಕ್ರೇನ್ ಬರುತ್ತದೆ, ಸೇಬಿನ ಹಾರ ಬರುತ್ತದೆ. ಸೆಲ್ಫಿ ಮುಗಿಯುವ ಮೊದಲೇ ಸೇಬು ಖಾಲಿ.

ಅತ್ತ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿ 1906ರಿಂದ ಆರಾಮಾಗಿ ನಿಂತಿದ್ದಾಳೆ. ಅವಳು ಸತ್ತು ಐದು ವರ್ಷಕ್ಕೆ ಮೊಮ್ಮಗನೇ ಬಂದು ಪರದೆ ಸರಿಸಿದ, ಮುಂದೆ ಐದನೇ ಜಾರ್ಜ್ ಆದವನು. ಅಮೃತಶಿಲೆಯ ಮೈ, ಸುತ್ತ ಮರಗಳು. ಅವಳಿಗೆ ಇಲ್ಲಿ ಜಾತಿ ಇಲ್ಲ, ವೋಟಿಲ್ಲ, ಅಭಿಮಾನಿ ಬಳಗವಿಲ್ಲ. ಹಾಗಾಗಿ ಮುಖ ಕಾಣುತ್ತದೆ.

ನಮ್ಮ ಸರ್ಕಲ್ಲಿನ ಮುಖಂಡರೊಬ್ಬರಿಗೆ ಇದು ಸಹಿಸಲಾಗಲಿಲ್ಲ. "ನಮ್ಮನ್ನ ಆಳಿದವಳ ಬೊಂಬೆ ನಮಗ್ಯಾಕ್ರಿ? ತೆಗೆದು ಅಲ್ಲಿ ಮದಕರಿ ನಾಯಕರನ್ನ ನಿಲ್ಲಿಸಲಿ!"

ಟೀ ಅಂಗಡಿಯವನು ಲೋಟ ತೊಳೆಯುತ್ತಾ ಅಂದ, "ಅಲ್ಲಣ್ಣ, ಇಲ್ಲಿರೋ ನಾಯಕರೇ ಕಾಣ್ತಿಲ್ವಲ್ಲ. ಮೊದಲು ಆ ಫ್ಲೆಕ್ಸ್ ಬಿಚ್ಚಿಸಿ."

"ಅದನ್ನ ಬಿಚ್ಚಂಗಿಲ್ಲಪ್ಪ. ಅದು ನಂದೇ."

ವಾರದೊಳಗೆ 'ಗುಲಾಮಗಿರಿಯ ಗುರುತು ತೊಲಗಲಿ' ಅಂತ ಹೊಸ ಫ್ಲೆಕ್ಸ್ ಎದ್ದಿತು, ಅದೇ ಕಂಬಿಗೆ, ಹಳೆಯದರ ಮೇಲೆ. ಮುಖಂಡರ ಮುಖವೇ ಹತ್ತಡಿ. ಮದಕರಿ ನಾಯಕರನ್ನೂ ಮರೆತಿರಲಿಲ್ಲ. ಕೆಳಗೆ ಮೂಲೆಯಲ್ಲಿ, ಫ್ಲೆಕ್ಸ್ ಪ್ರಿಂಟ್ ಮಾಡಿದವರ ಫೋನ್ ನಂಬರ್ ಪಕ್ಕ, ಸ್ಟಾಂಪ್ ಸೈಜಿಗೆ ಇದ್ದರು.