ಆಸ್ಪತ್ರೆ ಗೋಡೆಗೆ ಔಷಧಿ ಗಿಡದ ಚಿತ್ರ ಬೇಕಾ?

ಪರ: ಬೇಕು, ಹೆಸರು ಸಮೇತ

ಟೋಕನ್ ಹಿಡಿದು ಕೂತವರ ಎದುರಿಗೆ ಸಾಮಾನ್ಯವಾಗಿ ಏನಿರುತ್ತದೆ? ಕಿಡ್ನಿ ಕಲ್ಲಿನ ಪೋಸ್ಟರ್, ಸಿಗರೇಟಿನಿಂದ ಕಪ್ಪಾದ ಶ್ವಾಸಕೋಶ. ಮೊದಲೇ ಹೆದರಿದವರಿಗೆ ಇನ್ನಷ್ಟು ಹೆದರಿಕೆ.

ಅದರ ಬದಲು ಒಂದು ನಿತ್ಯಪುಷ್ಪ ಇರಲಿ. ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ಐದು ಎಸಳು, ನಡುವೆ ಗಾಢ ಬಣ್ಣದ ಕಣ್ಣು, ಹೊಳೆಯುವ ಎಲೆಗೆ ಮಧ್ಯದಲ್ಲಿ ಬಿಳಿ ನರ. ಕಾಂಪೌಂಡ್ ಸಂದಿಯಲ್ಲಿ ತಾನಾಗಿ ಹುಟ್ಟುವ ಈ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು. ಮಕ್ಕಳ ರಕ್ತ ಕ್ಯಾನ್ಸರಿಗೆ 1960ರ ದಶಕದಿಂದ ಕೊಡುತ್ತಿರುವ ಔಷಧಿ ಇದು. ಮಗುವಿನ ಕೈಗೆ ಡ್ರಿಪ್ ಹಾಕಿಸಿ ಕೂತ ತಾಯಿಗೆ, ಅದರಲ್ಲಿ ಹರಿಯುತ್ತಿರುವುದರ ಮೂಲ ತನ್ನ ಅಂಗಳದ್ದೇ ಹೂವು ಅಂತ ಗೊತ್ತಾದರೆ, ಔಷಧಿ ಅಷ್ಟು ಪರಕೀಯ ಅನಿಸುವುದಿಲ್ಲ ಅಲ್ವಾ?

ಹಸಿರು ಕಂಡರೆ ನೆಮ್ಮದಿ ಅನ್ನುವುದು ಸುಮ್ನೆ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕ ಹೋಲಿಸಿ ನೋಡಿ, 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರ ಕಂಡವರು, ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು. ಜೋರು ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು.

ವಿರೋಧ: ಬೇಡ, ಅಲ್ಲಂತೂ ಬೇಡ

ಉಲ್ರಿಚ್ ನೋಡಿದ್ದು ಕಿಟಕಿಯನ್ನು, ಚಿತ್ರವನ್ನಲ್ಲ. ಅದೂ 23 ಜೋಡಿ ರೋಗಿಗಳು. ದುಡ್ಡಿದ್ದರೆ ಕಿಟಕಿ ದೊಡ್ಡದು ಮಾಡಿಸಿ, ಎದುರಿಗೆ ಒಂದು ಹೊಂಗೆ ನೆಡಿ.

ನನ್ನ ಮುಖ್ಯ ತಕರಾರು ಬೇರೆಯೇ. ಆಸ್ಪತ್ರೆಯ ಗೋಡೆ ಮೇಲಿದ್ದರೆ ಡಾಕ್ಟರೇ ಹೇಳಿದ ಹಾಗೆ. ಹೆಸರು ಸಮೇತ ಬರೆದರೆ ಇನ್ನೂ ಜಾಸ್ತಿ. ಆ ತಾಯಿ ಮನೆಗೆ ಹೋಗಿ ನಿತ್ಯಪುಷ್ಪದ ಎಲೆ ಅರೆದರೆ? ಟನ್‌ಗಟ್ಟಲೆ ಎಲೆ ಸಂಸ್ಕರಿಸಿದರೆ ವಿನ್‌ಕ್ರಿಸ್ಟಿನ್ ಸಿಗುವುದು ಗ್ರಾಂ ಲೆಕ್ಕದಲ್ಲಿ. ರಕ್ತನಾಳಕ್ಕಷ್ಟೇ ಕೊಡಬೇಕಾದ ಔಷಧಿ ಅದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಚಿತ್ರದಲ್ಲಿ ಇದೆಲ್ಲ ಎಲ್ಲಿ ಕಾಣುತ್ತದೆ?

ಅಮೃತಬಳ್ಳಿಯ ಕಥೆ ನೆನಪಿರಬೇಕು. ಕೊರೊನಾ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕಷಾಯ. ಅದನ್ನು ಸೇವಿಸಿದ ಕೆಲವರ ಲಿವರ್ ಕೆಟ್ಟಿದೆ ಎಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಯಾರು ಸರಿ ಅನ್ನುವುದು ಹಾಗಿರಲಿ, ವೈದ್ಯರೇ ಜಗಳ ಆಡುತ್ತಿರುವ ಗಿಡವನ್ನು ವೇಟಿಂಗ್ ಹಾಲಿನಲ್ಲಿ ತೂಗುಹಾಕಿ ಯಾಕೆ ಶಿಫಾರಸು ಮಾಡಬೇಕು?

ಕಲಾವಿದರು ಬರೆಯಲೇಬೇಕು ಅನ್ನುವಷ್ಟು ಚೆಂದದ ಹೂವು ಅಗ್ನಿಶಿಖೆ. ಕೆಂಪು ಹಳದಿ ಎಸಳು ಮೇಲಕ್ಕೆ ತಿರುಗಿ ಉರಿಯುವ ಹಾಗಿರುತ್ತದೆ. ಗೌಟ್ ಎಂಬ ಕೀಲುನೋವಿಗೆ ಕೊಡುವ ಔಷಧಿ ಕಾಲ್ಚಿಸಿನ್ ಅದರಲ್ಲಿದೆ. ಗಡ್ಡೆ ಮಾತ್ರ ಘೋರ ವಿಷ. ಶ್ರೀಲಂಕಾದಲ್ಲಿ ಗೆಣಸು ಅಂತ ತಿಂದು ಸತ್ತವರಿದ್ದಾರೆ. ಆ ಚಿತ್ರದ ಕೆಳಗೆ ತಲೆಬುರುಡೆ ಬರೆಸಲು ಯಾವ ಆಸ್ಪತ್ರೆ ಒಪ್ಪುತ್ತದೆ, ಹೇಳಿ.